ಎಡಗಡೆಯ ಗುಳಿ

ಇಪ್ಪತ್ತು ವರ್ಷದಿಂದ ಹೂವು ಬರೆದುಕೊಂಡು ಬಂದವಳಿಗೆ ಇದ್ದಕ್ಕಿದ್ದಂತೆ ಮನುಷ್ಯರ ಮೈ ಬರೆ ಎಂದರೆ ಅವಳೇನು ಮಾಡಬೇಕು? ಗುಬ್ಬಿ ಮೊದಲು ನಕ್ಕಳು. ಅಕ್ಕ ನಗಲಿಲ್ಲ. ಗುಬ್ಬಿಯ ನಗು ಅರ್ಧದಲ್ಲೇ ನಿಂತುಹೋಯಿತು.

ಗುಬ್ಬಿ ಎನ್ನುವುದು ಅಕ್ಕ ಇಟ್ಟ ಹೆಸರು. ನಲವತ್ತು ದಾಟಿ, ಸೊಂಟ ಅಗಲವಾಗಿ, ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ಹೆಂಗಸನ್ನು ಗುಬ್ಬಿ ಎಂದು ಕರೆಯುವುದು ಗುಬ್ಬಿಗಳಿಗೇ ಅವಮಾನ. ಆದರೂ ಮನೆಯಲ್ಲಿ ಬೇರೆ ಹೆಸರಿನಿಂದ ಕರೆದರೆ ಅವಳು ತಿರುಗಿ ನೋಡುತ್ತಿರಲಿಲ್ಲ. ಅವಳ ಕೆಲಸ ಪಿಂಗಾಣಿ ಕಾರ್ಖಾನೆಯಲ್ಲಿ. ಭಟ್ಟಿಯಿಂದ ಬಂದ ಬಿಳಿ ತಟ್ಟೆ, ಬಟ್ಟಲುಗಳ ಮೇಲೆ ಗುಲಾಬಿ, ಮಲ್ಲಿಗೆ, ಬಳ್ಳಿ ಬರೆಯಬೇಕು. ತಟ್ಟೆಯಲ್ಲಿ ಸಣ್ಣ ಚುಕ್ಕೆಯೋ ಗುಳ್ಳೆಯೋ ಇದ್ದರೆ ಅದರ ಮೇಲೆ ಒಂದು ಎಲೆಯನ್ನೋ ಮೊಗ್ಗನ್ನೋ ಕೂರಿಸಿಬಿಡಬೇಕು. ತಟ್ಟೆ ಮೊದಲ ದರ್ಜೆಯ ಮಾಲಾಗಿ ಅಂಗಡಿಗೆ ಹೋಗುತ್ತದೆ. ಈ ವಿದ್ಯೆಯಲ್ಲಿ ಗುಬ್ಬಿ ಎತ್ತಿದ ಕೈ. ಅವಳು ಬರೆದ ತಟ್ಟೆಯಲ್ಲಿ ಕುಂದು ಎಲ್ಲಿತ್ತು ಎಂದು ಮರುದಿನ ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಅಕ್ಕ ಹೆಂಗಸರ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ತನಗೇ ಹೊಲಿದುಕೊಂಡ ಅಂಗಿಯನ್ನು ತೊಟ್ಟು ನೋಡುವಾಗ ಎಡಗಡೆ ಬಟ್ಟೆ ಕೂತ ರೀತಿ ಸರಿಯಿಲ್ಲ ಅನ್ನಿಸಿ, ಹೊಲಿಗೆ ಬಿಚ್ಚಿ ಮತ್ತೆ ಹಾಕಿ, ಆಮೇಲೆ ತಪ್ಪು ಹೊಲಿಗೆಯದಲ್ಲ ಎಂದು ತಿಳಿದವಳು. ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ, ಎಡದ ಎದೆಯನ್ನು ಪೂರ್ತಿ ತೆಗೆಯಬೇಕು ಎಂದರು. ಮುಂದಿನ ತಿಂಗಳ ಕೊನೆಗೆ ದಿನ ಗೊತ್ತಾಯಿತು.

"ಅಷ್ಟರೊಳಗೆ ನನ್ನ ಚಿತ್ರ ಬರಿ," ಎಂದಳು ಅಕ್ಕ, ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆಯುತ್ತ. "ಸೊಂಟದಿಂದ ಮೇಲಕ್ಕೆ. ಬಟ್ಟೆ ಇಲ್ಲದೆ."

"ಅಕ್ಕಾ, ಹುಚ್ಚುಗಿಚ್ಚು ಹಿಡೀತಾ ನಿನಗೆ? ಗುಲಾಬಿ ಹೇಳು, ಕಣ್ಣುಮುಚ್ಚಿ ಬರೀತೀನಿ. ಮೈ ಬರೆಯೋಕೆ ನನಗೆಲ್ಲಿ ಬರುತ್ತೆ? ಬೇಕಾದ್ರೆ ಒಂದು ಫೋಟೋ ತೆಗೆದು..."

"ಫೋಟೋ ಬೇಡ. ಆಸ್ಪತ್ರೆಯಲ್ಲಿ ಬೇಕಾದಷ್ಟು ತೆಗೆದಿದ್ದಾರೆ. ಮೆಷೀನು ಟಕ್ ಅನ್ನುತ್ತೆ, ಮುಗೀತು. ಯಾರಾದ್ರೂ ಒಬ್ಬರು ಕೂತ್ಕೊಂಡು ನೋಡಬೇಕು ಕಣೇ." ಅಕ್ಕ ಪಿನ್ನುಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ನಿಮ್ಮ ಭಾವ ನೋಡ್ತಿಲ್ಲ."

ಗುಬ್ಬಿ ಮೇಜಿನ ಮೇಲಿನ ಚೂರುಬಟ್ಟೆಗಳನ್ನು ಬದಿಗೆ ಸರಿಸಿದಳು.

"ಡಾಕ್ಟರು ಹೇಳಿದ ದಿನದಿಂದ ನನ್ನ ಕುತ್ತಿಗೆಯಿಂದ ಕೆಳಗೆ ಅವರ ಕಣ್ಣು ಇಳಿದಿಲ್ಲ. ರಾತ್ರಿ ಗೋಡೆ ಕಡೆ ತಿರುಗಿ ಮಲಗ್ತಾರೆ. ಬಟ್ಟೆ ಬದಲಾಯಿಸ್ತಿದ್ರೆ ಎದ್ದು ಹೋಗ್ತಾರೆ. ನಾಳೆ ಇದು ಹೋಗುತ್ತೆ. ಆಮೇಲೆ ಇನ್ನೂ ನೋಡಲ್ಲ. ಅಲ್ಲಿಗೆ ನಮ್ಮಿಬ್ಬರ ನಡುವೆ ಏನಿರುತ್ತೆ ಹೇಳು? ನನ್ನನ್ನ ನೋಡೋಕೆ ಧೈರ್ಯ ಇಲ್ಲ ಅಂದ್ರೆ ಬೇಡ, ಚಿತ್ರವನ್ನಾದ್ರೂ ನೋಡಲಿ. ಚಿತ್ರ ಕಚ್ಚಲ್ಲವಲ್ಲ."

ಭಾವ ಲೇತ್ ಮೆಷೀನಿನ ಕೆಲಸಗಾರ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅಕ್ಕನ ಕಾಯಿಲೆಯ ಸುದ್ದಿ ಬಂದಾಗಿನಿಂದ ಮನೆಯಲ್ಲಿ ರಿಪೇರಿ ಶುರುಹಚ್ಚಿಕೊಂಡಿದ್ದರು. ತೊಟ್ಟಿಕ್ಕುತ್ತಿದ್ದ ನಲ್ಲಿ ನಿಂತಿತು. ಅಲ್ಲಾಡುವ ಕುರ್ಚಿಗಳ ಕಾಲು ಗಟ್ಟಿಯಾದವು. ಕಿರುಗುಟ್ಟುವ ಬಾಗಿಲು ಒಂದೂ ಉಳಿಯಲಿಲ್ಲ. ಸರಿಯಾಗಿಯೇ ಇದ್ದ ಗಡಿಯಾರವನ್ನೂ ಬಿಚ್ಚಿ ಹರಡಿಕೊಂಡು ಕೂತಿದ್ದರು. ಪಾಪ, ಅವರ ಕೈಲಿ ಆಗುವುದನ್ನು ಅವರು ಮಾಡುತ್ತಿದ್ದರು. ಅಕ್ಕನಿಗೆ ಬೇಕಾಗಿದ್ದು ಅದಲ್ಲ.

ಗುಬ್ಬಿ ಒಪ್ಪಿಕೊಂಡದ್ದು ಧೈರ್ಯದಿಂದಲ್ಲ. ಅವರ ಅಮ್ಮನೂ ಇದೇ ಕಾಯಿಲೆಯಿಂದ ಹೋದವಳು. ಕೊನೆಯವರೆಗೂ ಶಾಲು ಬಿಗಿಯಾಗಿ ಹೊದ್ದುಕೊಂಡೇ ಇದ್ದಳು. ಏನಾಗಿತ್ತು ಎಂಬುದು ಹೆಣ್ಣುಮಕ್ಕಳಿಬ್ಬರಿಗೂ ತಿಳಿದದ್ದು ಎಲ್ಲ ಮುಗಿದ ಮೇಲೆ. ಅಕ್ಕನಿಗೆ ಇಲ್ಲ ಎನ್ನಲು ಗುಬ್ಬಿಗೆ ಬಾಯಿ ಬರಲಿಲ್ಲ, ಅಷ್ಟೆ.

ಬರೆಯುವುದನ್ನು ಕಲಿಯಬೇಕಲ್ಲ! ಚಿತ್ರಶಾಲೆಯ ಸಂಜೆ ತರಗತಿಯಲ್ಲಿ ಕೇಳಿದರೆ, ಮೈ ಬರೆಯುವ ಹಂತಕ್ಕೆ ಬರಲು ಎರಡು ವರ್ಷ ಬೇಕು ಎಂದರು. ಎರಡು ವರ್ಷ ಯಾರ ಹತ್ತಿರ ಇತ್ತು? ಆಗ ಕಾರ್ಖಾನೆಯ ಗೆಳತಿಯೊಬ್ಬಳು ಮ್ಯೂಸಿಯಂ ವಿಷಯ ಹೇಳಿದಳು. ಅಲ್ಲಿ ಬೆಳಗಿನ ಹೊತ್ತು ಗೋಡೆಯ ಚಿತ್ರಗಳನ್ನು ನೋಡಿ ನಕಲು ಮಾಡಲು ಬಿಡುತ್ತಾರೆ. ನಿಯಮ ಎರಡೇ: ಕ್ಯಾನ್ವಾಸ್ ಮೂಲ ಚಿತ್ರದ ಅಳತೆಯದಾಗಿರಬಾರದು, ಚಿತ್ರಕಾರನ ಸಹಿಯನ್ನು ನಕಲು ಮಾಡಬಾರದು. ಗುಬ್ಬಿ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡು, ಮಡಚುವ ಸ್ಟ್ಯಾಂಡನ್ನು ಹೆಗಲಿಗೇರಿಸಿ ಹೊರಟಳು. ಬಾಗಿಲಲ್ಲಿ ಕಾವಲಿನವನು ಟೇಪು ಹಿಡಿದು ಅವಳ ಕ್ಯಾನ್ವಾಸನ್ನು ಅಳೆದು ಒಳಗೆ ಬಿಟ್ಟ.

ಅವಳು ಆರಿಸಿಕೊಂಡ ಚಿತ್ರ ನೂರು ವರ್ಷಕ್ಕೂ ಹಿಂದಿನದು. ಚಿತ್ರಕಾರರು ಇದ್ದದ್ದನ್ನು ಇದ್ದಹಾಗೆ ಬರೆಯುವುದನ್ನು ಬಿಟ್ಟು ಹೊಸ ದಾರಿ ಹಿಡಿದ ಕಾಲದ್ದು. ಮಂಚದ ಅಂಚಿನಲ್ಲಿ ಹೆಂಗಸೊಬ್ಬಳು ಬರಿಮೈಯಲ್ಲಿ ಕೂತಿದ್ದಾಳೆ. ಒಂದು ಕೈ ಹಾಸಿಗೆಗೆ ಊರಿದೆ, ಇನ್ನೊಂದರಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಾಳೆ. ಅವಳನ್ನು ಆರಿಸಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಅಕ್ಕನೂ ಕೆಲಸ ಮುಗಿಸಿ ಹಾಗೇ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು.

ಹತ್ತಿರದಿಂದ ನೋಡಿದರೆ ಗುಬ್ಬಿಗೆ ಗಾಬರಿಯಾಯಿತು. ಹೊಟ್ಟೆಯ ಮೇಲೆ ಹಸಿರು ಬಣ್ಣ. ತೋಳಿನ ಕೆಳಗೆ ಇಟ್ಟಿಗೆಯ ಕೆಂಪು. ಊರಿದ ಕೈ ಮೊಣಕಾಲು ದಾಟಿ ಹೋಗುವಷ್ಟು ಉದ್ದ, ಬೆರಳುಗಳು ಮುಗಿದೇ ಇಲ್ಲ. ಕಾರ್ಖಾನೆಯಲ್ಲಿ ಇಂಥ ತಟ್ಟೆ ಬಂದರೆ ಮೇಸ್ತ್ರಿ ಎತ್ತಿ ಕಸದ ಬುಟ್ಟಿಗೆ ಹಾಕುತ್ತಿದ್ದ. ಮೂರು ಹೆಜ್ಜೆ ಹಿಂದೆ ಸರಿದರೆ ಮಾತ್ರ ಆ ಹೆಂಗಸು ಮಂಚದ ಮೇಲೆ ಗಟ್ಟಿಯಾಗಿ ಕೂತುಬಿಡುತ್ತಿದ್ದಳು; ಅವಳು ಎದ್ದರೆ ಮಂಚ ಕಿರ್ರೆನ್ನುತ್ತದೆ ಎನ್ನಿಸುವಷ್ಟು ಗಟ್ಟಿಯಾಗಿ.

ಅದೇ ಕೋಣೆಯಲ್ಲಿ ನಕಲು ಮೇಷ್ಟ್ರು ಎಂಬವರೊಬ್ಬರು ಕೂರುತ್ತಿದ್ದರು. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾದವರು. ಈಗ ಪ್ರತಿದಿನ ಬಂದು ಒಂದಲ್ಲ ಒಂದು ಚಿತ್ರವನ್ನು ನಕಲು ಮಾಡುವುದು, ಪಕ್ಕದವರ ಕೆಲಸದಲ್ಲಿ ಮೂಗು ತೂರಿಸುವುದು, ಇವೆರಡೇ ಅವರ ದಿನಚರಿ. ಗುಬ್ಬಿಯ ಮೊದಲ ವಾರದ ಕೆಲಸವನ್ನು ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಚೊಕ್ಕವಾಗಿದೆ ತಾಯಿ. ಆದ್ರೆ ಈಯಮ್ಮನಿಗೆ ಮೂಳೆ ಎಲ್ಲಿ?"

"ಯಾಕೆ ಮೇಷ್ಟ್ರೇ, ನೋಡಿದ ಹಾಗೇ ಬರೆದಿದ್ದೀನಲ್ಲ."

"ಎಲ್ಲಿ ಬರೆದಿದ್ದೀಯ? ಕೈ ತಿದ್ದಿದ್ದೀಯ."

ಗುಬ್ಬಿ ನೋಡಿದಳು. ಹೌದು. ಊರಿದ ಕೈ ತನಗೇ ಗೊತ್ತಿಲ್ಲದೆ ಸರಿಯಾದ ಉದ್ದಕ್ಕೆ ಬಂದು, ಬೆರಳುಗಳು ಐದೂ ಮೂಡಿ, ಉಗುರುಗಳು ಕೂಡ ಕಾಣುತ್ತಿದ್ದವು. "ಅದು ತಪ್ಪಾಗಿತ್ತಲ್ಲ," ಎಂದಳು.

"ತಪ್ಪು ಅಂತ ಬರೆದವನಿಗೆ ಗೊತ್ತಿರಲಿಲ್ವಾ? ಎದ್ದೇಳು. ಆ ಬೆಂಚಿನ ಮೇಲೆ ಅವಳ ಹಾಗೇ ಕೂತ್ಕೋ. ನಾಚಿಕೆ ಯಾಕೆ, ಯಾರೂ ಇಲ್ಲ. ಕೈ ಊರು. ಇನ್ನೂ ಭಾರ ಬಿಡು, ಪೂರ್ತಿ ಬಿಡು. ಈಗ ಕಣ್ಣು ಮುಚ್ಚಿ ಹೇಳು, ಎಲ್ಲಿದೆ ನಿನ್ನ ಕೈ?"

ಗುಬ್ಬಿ ಕಣ್ಣು ಮುಚ್ಚಿದಳು. ಹೆಗಲು ಕಿವಿಯ ಹತ್ತಿರಕ್ಕೆ ಏರಿತ್ತು. ದಪ್ಪ ಮೈಯ ಭಾರವೆಲ್ಲ ತೋಳಿನಲ್ಲಿಳಿದು ಬೆಂಚಿಗೆ ಹೋಗುತ್ತಿತ್ತು. ಕೈ ಎಲ್ಲೋ ಕೆಳಗೆ, ದೂರದಲ್ಲಿ ಇದ್ದಹಾಗಿತ್ತು. ಬೆರಳುಗಳು ಬೇರೆ ಬೇರೆಯಾಗಿ ಗೊತ್ತಾಗುತ್ತಲೇ ಇರಲಿಲ್ಲ.

"ಉದ್ದ ಇದೆ," ಎಂದಳು ಬೆಪ್ಪಾಗಿ.

"ಅಷ್ಟೇ ಅವನು ಬರೆದದ್ದು. ನಕಲು ಮಾಡೋಳು ತಿದ್ದಬಾರದು. ನಿನಗೆ ಅರ್ಥ ಆಗೋದೆಲ್ಲ ನಿನಗೆ ಮುಂಚೆಯೇ ಗೊತ್ತಿದ್ದದ್ದು. ಅರ್ಥ ಆಗದೇ ಇರೋದನ್ನೇ ಹಟ ಹಿಡಿದು ಬರಿ, ಅಲ್ಲೇ ಕಲಿಯೋದು ಇರೋದು."

ಗುಬ್ಬಿ ಕೈಯನ್ನು ಕೆರೆದು ತೆಗೆದು ಮತ್ತೆ ಬರೆದಳು. ಚರ್ಮದ ಬಣ್ಣ ಎಂಬ ಒಂದು ಬಣ್ಣ ಡಬ್ಬಿಯಲ್ಲಿ ಇಲ್ಲವೆಂದೂ, ನೆರಳಿನ ಕಡೆ ಹಸಿರು ಇಟ್ಟರೆ ಬೆಳಕಿನ ಕಡೆ ತಾನೇ ಬೆಚ್ಚಗಾಗುತ್ತದೆಂದೂ ಕಲಿತಳು. ಮೈಯ ಅಂಚನ್ನು ಸುತ್ತಲೂ ಗೀಟು ಎಳೆದು ಮುಚ್ಚಬಾರದೆಂದು ಕಲಿತಳು. ಪಕ್ಕೆಯ ಕೆಳಗೆ ಬ್ರಷ್ಷಿನ ಒಂದು ಚಪ್ಪಟೆ ಏಟು, ಅದರ ಪಕ್ಕ ಇನ್ನೊಂದು. ಎರಡರ ನಡುವೆ ಮೈ ತಿರುಗಿಬಿಡುತ್ತಿತ್ತು. ಮೂರನೆಯ ವಾರಕ್ಕೆ ಅವಳ ಕೈಗೆ ಆ ಹೆಂಗಸು ಎಷ್ಟು ಒಗ್ಗಿಬಿಟ್ಟಳೆಂದರೆ, ಕಾರ್ಖಾನೆಯಲ್ಲಿ ಗುಲಾಬಿ ಬರೆಯುತ್ತ ಬರೆಯುತ್ತ ದಳದ ಅಂಚು ಹೆಗಲಿನ ಹಾಗೆ ಬಾಗುತ್ತಿತ್ತು. ನಕಲು ಮುಗಿದ ದಿನ ಮೇಷ್ಟ್ರು ಬಹಳ ಹೊತ್ತು ನೋಡಿ, "ಇವಳು ಕೂತಿದ್ದಾಳೆ," ಎಂದರು. ಗುಬ್ಬಿಗೆ ಕಣ್ಣು ತುಂಬಿ ಬಂತು. ಅವಳಿಗೆ ಅಷ್ಟು ಹೆಮ್ಮೆಯಾದದ್ದು ಮದುವೆಯ ದಿನವೂ ಇಲ್ಲ, ಗಂಡನನ್ನು ಬಿಟ್ಟು ಬಂದ ದಿನವೂ ಇಲ್ಲ.

ಆಪರೇಷನ್ನಿಗೆ ಇನ್ನೂ ಹತ್ತಿರ ಹತ್ತಿರ ಎರಡು ವಾರ ಇತ್ತು. ಗುಬ್ಬಿ ಕಾರ್ಖಾನೆಯ ಪಾಳಿಯನ್ನು ಮತ್ತೆ ಬೆಳಿಗ್ಗೆಗೆ ಹಾಕಿಸಿಕೊಂಡಳು. ಅಕ್ಕನ ಹೊಲಿಗೆ ಕೋಣೆಯಲ್ಲಿ, ಕಿಟಕಿಯ ಪಕ್ಕ, ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿ ಜಾಗ ಮಾಡಿಕೊಂಡರು. ಅಕ್ಕ ಅಂಗಿ ಕಳಚಿ, ಮಡಚಿಟ್ಟು, ಸ್ಟೂಲಿನ ಮೇಲೆ ಕೂತಳು. ಕೂದಲನ್ನು ಎತ್ತಿ ಗಂಟು ಹಾಕಿದ್ದಳು.

"ಸಾವಿರಾರು ಹೆಂಗಸರ ಅಳತೆ ತೆಗೆದಿದ್ದೀನಿ ಗುಬ್ಬಿ. ಎರಡೂ ಕಡೆ ಒಂದೇ ಅಳತೆ ಇರೋಳನ್ನ ನಾನು ಇವತ್ತಿನವರೆಗೂ ಕಂಡಿಲ್ಲ. ನೀನೇನೂ ಸರಿದೂಗಿಸೋಕೆ ಹೋಗಬೇಡ. ಇದ್ದ ಹಾಗೆ ಬರಿ."

"ಹೂಂ, ಮಾತಾಡಬೇಡ, ಕತ್ತು ಅಲ್ಲಾಡುತ್ತೆ."

ಗುಬ್ಬಿಯ ಕೈ ಸರಾಗವಾಗಿ ಓಡಿತು. ಹೆಗಲು ಬಂತು, ಪಕ್ಕೆ ಬಂತು, ಸೊಂಟದ ಮಡಿಕೆಯಲ್ಲಿ ಹಸಿರು ನೆರಳು ಬಂತು. ಇಷ್ಟು ಚೆನ್ನಾಗಿ ಬರುತ್ತದೆ ಎಂದು ಅವಳೇ ಎಣಿಸಿರಲಿಲ್ಲ. ಅವಳ ಕಣ್ಣು ಅಕ್ಕನ ಮುಖಕ್ಕೆ ಹೋಗುತ್ತಿತ್ತು, ಹೆಗಲಿಗೆ ಹೋಗುತ್ತಿತ್ತು, ಹೊಟ್ಟೆಗೆ ಹೋಗುತ್ತಿತ್ತು. ಎಡಗಡೆಯ ಎದೆಯ ಹತ್ತಿರ ಬಂದಾಗ ಮಾತ್ರ ಕ್ಯಾನ್ವಾಸಿನ ಕಡೆ ಹೊರಳಿಬಿಡುತ್ತಿತ್ತು. ಅದು ಹಾಗೆ ಹೊರಳುತ್ತಿದೆ ಎಂಬುದು ಅವಳಿಗೆ ತಿಳಿಯಲಿಲ್ಲ. ಐದಾರು ಸಲ ಕೂತ ಮೇಲೆ ಒಂದು ಮಧ್ಯಾಹ್ನ, ಇನ್ನೊಂದೆರಡು ಏಟು ಹಾಕಿದರೆ ಮುಗಿಯಿತು ಎನ್ನುವಾಗ, ಹಿಂದಿನಿಂದ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು.

ಭಾವ. ಎಣ್ಣೆ ಹಾಕಿದ ಬಾಗಿಲು ಸದ್ದೇ ಮಾಡಿರಲಿಲ್ಲ. ಕೆಲಸದಿಂದ ಬೇಗ ಬಂದವರು ಕೈಯಲ್ಲಿ ಚೀಲ ಹಿಡಿದು ನಿಂತಿದ್ದರು. ಅಕ್ಕ ಕೂತಲ್ಲೇ ಕೂತಳು, ಮುಚ್ಚಿಕೊಳ್ಳಲಿಲ್ಲ. ಅವರು ಅಕ್ಕನ ಕಡೆ ನೋಡಲಿಲ್ಲ. ಚಿತ್ರವನ್ನು ನೋಡಿದರು.

"ಎಷ್ಟು ಚೆನ್ನಾಗಿ ಬಂದಿದೆ!" ಎಂದರು. ದನಿ ಹಗುರಾಗಿತ್ತು. "ಏನೂ ಆಗೇ ಇಲ್ಲ ಅನ್ನೋ ಹಾಗಿದೆ ಗುಬ್ಬಿ. ಇದನ್ನ ನಮ್ಮ ಕೋಣೆಯಲ್ಲೇ ಹಾಕೋಣ. ಫ್ರೇಮು ನಾನೇ ಮಾಡ್ತೀನಿ." ತಿಂಗಳಿಂದ ನಗದ ಮನುಷ್ಯ ನಕ್ಕರು. ನಗುತ್ತಲೇ ಅಳತೆಪಟ್ಟಿ ತರಲು ಒಳಗೆ ಹೋದರು.

ಅಕ್ಕ ಎದ್ದು ಶಾಲು ಹೊದ್ದು ಚಿತ್ರದ ಮುಂದೆ ಬಂದು ನಿಂತಳು. ಅವಳು ಅಲ್ಲಿಯವರೆಗೂ ಅದನ್ನು ನೋಡಿರಲಿಲ್ಲ. ಮುಗಿದ ಮೇಲೆ ನೋಡುತ್ತೇನೆ ಎಂದಿದ್ದಳು. ಗುಬ್ಬಿ ಹೊಗಳಿಕೆಗೆ ಕಾದಳು. ಅಕ್ಕನ ತುಟಿ ಬಿಗಿದುಕೊಂಡಿತು.

"ನನ್ನ ಕೂದಲು ಎಲ್ಲಿದೆ ಗುಬ್ಬಿ?"

"ಏನು?"

"ಕೂದಲು. ತಲೆ ಮೇಲೆ ಗಂಟು ಹಾಕ್ಕೊಂಡು ಕೂತಿದ್ದೆ, ಆರು ದಿನವೂ. ಇಲ್ಲಿ ಜಡೆ ಯಾಕೆ ಮುಂದೆ ಬಂದಿದೆ?"

ಗುಬ್ಬಿ ನೋಡಿದಳು. ಚಿತ್ರದಲ್ಲಿ ಅಕ್ಕನ ಜಡೆ ಬಿಚ್ಚಿಕೊಂಡು ಎಡ ಹೆಗಲಿನಿಂದ ಇಳಿದು, ಎದೆಯ ಮೇಲೆ ಹರಡಿತ್ತು. ಚಂದವಾಗಿತ್ತು, ತಟ್ಟೆಯ ಮೇಲಿನ ಬಳ್ಳಿಯ ಹಾಗೆ. ಅದರ ಕೆಳಗಿನ ಎದೆ ದುಂಡಗೆ, ಮೇಲಕ್ಕೆ, ನುಣುಪಾಗಿ ನಿಂತಿತ್ತು. ಅದು ಅಕ್ಕನದಲ್ಲ. ಮ್ಯೂಸಿಯಮ್ಮಿನ ಮಂಚದ ಮೇಲೆ ಕೂತವಳದು. ಅಕ್ಕನ ತಲೆಯನ್ನು ಆ ಹೆಂಗಸಿನ ಮೈಗೆ ಅಂಟಿಸಿ, ಕುಂದಿದ್ದ ಕಡೆ ಬಳ್ಳಿ ಬಿಟ್ಟು, ಗುಬ್ಬಿ ಮೊದಲ ದರ್ಜೆಯ ಮಾಲು ತಯಾರಿಸಿದ್ದಳು.

"ಬೇಕಂತ ಮಾಡಿದ್ದಲ್ಲ ಅಕ್ಕಾ. ನನ್ನಾಣೆ. ಕೈಯೇ..."

"ಗೊತ್ತು. ಬೇಕಂತ ಮಾಡಿದ್ರೆ ಜಗಳ ಆಡಬಹುದಿತ್ತು." ಅಕ್ಕ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. "ಅವರೊಬ್ಬರೇ ಅಂದ್ಕೊಂಡಿದ್ದೆ. ನೀನೂ ನೋಡಿಲ್ಲ. ಆರು ದಿನ ಎದುರಿಗೆ ಕೂತು ನೀನೂ ನೋಡಿಲ್ಲ."

ಭಯವಾಗಿತ್ತು ಎಂದು ಗುಬ್ಬಿ ಹೇಳಬಹುದಿತ್ತು, ಅಮ್ಮನ ಶಾಲು ಕಣ್ಣ ಮುಂದೆ ಬರುತ್ತದೆ ಎನ್ನಬಹುದಿತ್ತು. ಅದೆಲ್ಲ ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಅಕ್ಕನಿಗೂ ಅದೇ ಭಯ, ಮೇಲಾಗಿ ಕಾಯಿಲೆಯೂ ಅವಳದೇ.

"ಇನ್ನೂ ಒಂದು ವಾರ ಇದೆ," ಎಂದಳು ಗುಬ್ಬಿ ಕೊನೆಗೆ. "ಮತ್ತೆ ಮಾಡ್ತೀನಿ."

ಆ ಒಂದು ವಾರ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು. ಬೇರೆಯವರ ಆಪರೇಷನ್ ಮುಂದಕ್ಕೆ ಹೋಗಿದೆ, ಜಾಗ ಖಾಲಿಯಾಗಿದೆ, ತಡಮಾಡುವುದು ಬೇಡ, ನಾಳೆ ಬೆಳಿಗ್ಗೆಯೇ ಬಂದು ಸೇರಿಕೊಳ್ಳಿ. ಭಾವ ಫೋನಿಟ್ಟು, ಅಟ್ಟದಿಂದ ಸೂಟ್‌ಕೇಸು ಇಳಿಸಿ, ಅದರ ಕೊಂಡಿ ಸರಿಯಿಲ್ಲವೆಂದು ಅಡುಗೆಮನೆಯಲ್ಲಿ ಬಿಚ್ಚಿಕೊಂಡು ಕೂತರು. ಅಕ್ಕ ಕಾರ್ಖಾನೆಗೆ ಫೋನು ಮಾಡಿ ಗುಬ್ಬಿಯನ್ನು ಕರೆಸಿದಳು.

ಗುಬ್ಬಿ ಬಂದಾಗ ಮಧ್ಯಾಹ್ನದ ಬೆಳಕು ಕಿಟಕಿಯಲ್ಲಿ ಇನ್ನೂ ಇತ್ತು. ಸಂಜೆಯವರೆಗೆ ಎಷ್ಟು ಸಿಕ್ಕರೆ ಅಷ್ಟು. ಹೊಸ ಕ್ಯಾನ್ವಾಸಿಗೆ ಹೊತ್ತಿರಲಿಲ್ಲ. ಅವಳು ಬಣ್ಣ ಕಲಸುವ ಚೂರಿ ತೆಗೆದುಕೊಂಡು ಹಳೆಯ ಚಿತ್ರದ ಎದೆ, ಹೆಗಲು, ಜಡೆ ಎಲ್ಲವನ್ನೂ ಕೆರೆದಳು. ಎಣ್ಣೆಬಣ್ಣ ಇನ್ನೂ ಹಸಿಯಾಗಿತ್ತು. ಸುರುಳಿ ಸುರುಳಿಯಾಗಿ ಎದ್ದು ಚೂರಿಗೆ ಅಂಟಿಕೊಂಡಿತು. ಮೂರು ವಾರ ಕಲಿತದ್ದೆಲ್ಲ ಹೀಗೆ ಚಿಂದಿಗೆ ಹೋಗುತ್ತಿತ್ತು. ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಳು. ಮುಖ ಮಾತ್ರ ಉಳಿಯಿತು, ಕೆಳಗೆ ಮಂಕು ಕಲೆ.

ಅಕ್ಕ ಸ್ಟೂಲಿನ ಮೇಲೆ ಕೂತಳು. ಕೂದಲನ್ನು ಇನ್ನೂ ಬಿಗಿಯಾಗಿ ಕಟ್ಟಿದ್ದಳು.

ಮೊದಲ ಗೆರೆ ಹಾಕಿದ ಕೂಡಲೇ ಗುಬ್ಬಿಗೆ ಗೊತ್ತಾಯಿತು, ಕೈ ಮತ್ತೆ ಅದೇ ದಾರಿ ಹಿಡಿದಿದೆ. ಅದೇ ದುಂಡು, ಅದೇ ಎತ್ತರ. ಒರೆಸಿದಳು. ಮತ್ತೆ ಹಾಕಿದಳು. ಮತ್ತೆ ಆ ಮಂಚದವಳೇ ಬಂದಳು. ಕಲಿಯುವಾಗ ಬಾ ಬಾ ಎಂದರೂ ಬಾರದವಳು ಈಗ ಬೇಡವೆಂದರೂ ಜಾಗ ಬಿಡುತ್ತಿರಲಿಲ್ಲ. ಬೆಳಕು ಕಿಟಕಿಯ ಕೆಳ ಚೌಕಟ್ಟಿಗೆ ಇಳಿದಿತ್ತು. ಅಡುಗೆಮನೆಯಲ್ಲಿ ಭಾವ ಏನನ್ನೋ ಟಣ್ ಟಣ್ ಎಂದು ಬಡಿಯುತ್ತಿದ್ದರು.

"ನನ್ನ ಕೈಲಾಗಲ್ಲ ಅಕ್ಕಾ," ಎಂದಳು. ಬ್ರಷ್ಷನ್ನು ಡಬ್ಬಿಗೆ ಹಾಕಿಬಿಟ್ಟಳು. "ನನಗೆ ಅವಳೊಬ್ಬಳೇ ಬರೋದು."

"ಇಲ್ಲಿ ಬಾ."

"ಬೆಳಕು ಹೋಗುತ್ತೆ..."

"ಬಾರೇ ಇಲ್ಲಿ!"

ಗುಬ್ಬಿ ಹೋದಳು. ಅಕ್ಕ ಅವಳ ಬಲಗೈ ಹಿಡಿದು, ತೋರುಬೆರಳನ್ನು ಬಿಡಿಸಿ, ಎಡಗಡೆಯ ಮೊಲೆಯ ಕೆಳಗೆ ಒತ್ತಿದಳು. ಗುಬ್ಬಿ ಕೈ ಹಿಂದಕ್ಕೆ ಎಳೆದುಕೊಂಡಳು. ಅಕ್ಕ ಬಿಡಲಿಲ್ಲ. ಹೊಲಿಗೆಯವಳ ಬೆರಳುಗಳು, ಹಿಡಿದರೆ ಹಿಡಿದವು.

ಮೆತ್ತಗಿನ ಮೈಯೊಳಗೆ ಕಲ್ಲಿನಂಥದ್ದೊಂದು ಇತ್ತು. ಅದು ಜರುಗಲಿಲ್ಲ. ಅದರ ಮೇಲಿನ ಚರ್ಮ ಒಳಕ್ಕೆ ಸೇದಿಕೊಂಡಿತ್ತು.

"ಒಳಗಿಂದ ಯಾರೋ ದಾರ ಎಳೆದ ಹಾಗಿದೆ ಅಲ್ವಾ?" ಎಂದಳು ಅಕ್ಕ ಮೆಲ್ಲಗೆ. "ನಾನು ದಿನಾ ಮುಟ್ಟಿ ನೋಡ್ಕೋತೀನಿ. ಇದೂ ನಂದೇ ತಾನೆ."

ಗುಬ್ಬಿ ಅತ್ತಳು. ಅಳುತ್ತಲೇ ನೋಡಿದಳು. ಬೇರೆ ಉಪಾಯವಿರಲಿಲ್ಲ, ಬೆರಳು ಅಲ್ಲೇ ಇತ್ತು. ಎಡಗಡೆಯದು ಬಲಗಡೆಯದಕ್ಕಿಂತ ಸ್ವಲ್ಪ ಮೇಲಕ್ಕೆ ಸೆಳೆದುಕೊಂಡಿತ್ತು. ಗುಳಿಯ ಸುತ್ತ ಚರ್ಮ ಕೆಂಪೂ ಅಲ್ಲದ ನೀಲಿಯೂ ಅಲ್ಲದ ಬಣ್ಣಕ್ಕೆ ತಿರುಗಿತ್ತು. ಆ ಕಡೆ ನೋವಾಗದಿರಲೆಂದು ಅಕ್ಕ ಎಡ ಹೆಗಲನ್ನು ಒಂದಿಷ್ಟು ಮುಂದಕ್ಕೆ ಬಾಗಿಸಿ ಕೂತಿದ್ದಳು. ಮೊದಲ ದಿನದಿಂದಲೂ ಹಾಗೇ ಕೂತಿದ್ದಳು. ಅದು ಗುಬ್ಬಿಗೆ ಕಂಡದ್ದು ಈಗ.

ಅವಳು ಕಣ್ಣೊರೆಸಿಕೊಂಡು ಸ್ಟ್ಯಾಂಡಿನ ಹತ್ತಿರ ಹೋದಳು. ಹೆಗಲಿನಿಂದ ಶುರುಮಾಡಿದಳು, ಆ ಬಾಗಿದ ಹೆಗಲಿನಿಂದ. ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಿದಳು. ಹೆಗಲು ಬಾಗಿದ್ದಕ್ಕೆ ಪಕ್ಕೆ ಮಡಚಿಕೊಂಡಿತ್ತು, ಪಕ್ಕೆ ಮಡಚಿಕೊಂಡಿದ್ದಕ್ಕೆ ಬಲಗೈ ಮೊಣಕಾಲನ್ನು ಬಿಗಿಯಾಗಿ ಹಿಡಿದಿತ್ತು. ಒಂದನ್ನು ನೋಡಿದರೆ ಅದರ ಮುಂದಿನದು ತಾನಾಗಿ ಕಾಣುತ್ತಿತ್ತು. ಮಂಚದ ಹೆಂಗಸು ಹಿಂದೆ ಸರಿದಳು. ಗುಳಿಯನ್ನು ಬರೆಯುವಾಗ ಗುಬ್ಬಿ ಕಣ್ಣು ಹೊರಳಿಸಲಿಲ್ಲ. ಒಂದೇ ಒಂದು ಕಡೆ ಬ್ರಷ್ಷಿನ ತುದಿಯಿಂದ ಒತ್ತಿ, ಆ ಹೆಸರಿಲ್ಲದ ಬಣ್ಣವನ್ನು ಇಟ್ಟಳು. ಅದನ್ನು ಚಂದ ಮಾಡಲಿಲ್ಲ, ವಿಕಾರ ಮಾಡಲೂ ಇಲ್ಲ. ಕಿಟಕಿಯಲ್ಲಿ ಬೆಳಕು ಬೂದಿಯಾಗುವ ಹೊತ್ತಿಗೆ ಕೈ ತಾನೇ ನಿಂತಿತು.

ಅಕ್ಕ ಎದ್ದು ಬಂದಳು. ಬಹಳ ಹೊತ್ತು ನೋಡಿದಳು.

"ಮುಖ ನಿನ್ನೆಯದೇ ಉಳಿದುಬಿಟ್ಟಿದೆ. ನಗ್ತಿದ್ದೀನಿ, ಪೆದ್ದಿ ಹಾಗೆ," ಎಂದಳು. ಆಮೇಲೆ ಗುಬ್ಬಿಯ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು, ಬಲ ಹೆಗಲಿಗೆ. "ಇದು ನಾನೇ ಕಣೇ."

ಶಾಲು ಹೊದೆಯದೆಯೇ ಬಾಗಿಲ ಕಡೆ ತಿರುಗಿ ಕೂಗಿದಳು: "ರೀ! ಇಲ್ಲಿ ಬನ್ನಿ ಒಂದ್ನಿಮಿಷ."

ಅಡುಗೆಮನೆಯ ಸದ್ದು ನಿಂತಿತು. ಭಾವ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಂದರು. ಹೊಸ್ತಿಲಲ್ಲಿ ನಿಂತು ನೆಲ ನೋಡಿದರು.

"ಕೊಂಡಿ ಸರಿಯಾಯ್ತು," ಎಂದರು. "ಇನ್ನೇನು ಬಟ್ಟೆ ತುಂಬಬಹುದು."

"ಚಿತ್ರ ಮುಗೀತು. ನೋಡಿ."

"ನಿನ್ನೆಯೇ ನೋಡಿದ್ನಲ್ಲ. ಚೆನ್ನಾಗಿದೆ."

"ನಿನ್ನೆಯದು ಹೋಯ್ತು. ಇವತ್ತಿಂದು ನೋಡಿ."

ಭಾವ ತಲೆಯೆತ್ತಿದರು. ನಿನ್ನೆಯ ನಗುವಿಗೆ ಸಿದ್ಧವಾಗಿದ್ದ ಮುಖ ಹಾಗೇ ಕಲ್ಲಾಯಿತು. ಅವರು ತಿರುಗಿ ಹೊರಟೇಬಿಡುತ್ತಾರೆ ಎಂದುಕೊಂಡಳು ಗುಬ್ಬಿ. ಒಂದು ಕಾಲು ಹಿಂದಕ್ಕೆ ಹೋಗಿಯೂ ಇತ್ತು. ಹೋದರೆ ಅಕ್ಕ ನಾಳೆ ಒಬ್ಬಳೇ ಹೋಗಿ ಮಲಗುತ್ತಾಳೆ, ಅವರು ಪಕ್ಕದಲ್ಲೇ ಕೂತಿದ್ದರೂ ಒಬ್ಬಳೇ.

ಭಾವ ಹೋಗಲಿಲ್ಲ. ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟರು. ಒಂದು ಹೆಜ್ಜೆ ಮುಂದೆ ಬಂದರು, ಇನ್ನೊಂದು. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. ಆಮೇಲೆ ಎಣ್ಣೆಯ ಕಪ್ಪು ಹಿಡಿದ ಬೆರಳನ್ನು ಚಾಚಿ, ಅಲ್ಲಿ, ಆ ಗುಳಿಯ ಮೇಲೆ ಇಟ್ಟರು. ಹಸಿ ಬಣ್ಣ ಬೆರಳಿಗೆ ಹತ್ತಿತು, ಪಕ್ಕಕ್ಕೆ ಹರಡಿತು. ಗುಬ್ಬಿಯ ಕೈ ಚಿಂದಿಯ ಕಡೆ ಹೋಯಿತು. ಅಕ್ಕ ಕಣ್ಣಲ್ಲೇ ಬೇಡ ಎಂದಳು.

"ಇದು..." ಎಂದರು ಭಾವ ಚಿತ್ರಕ್ಕೆ. "ಇದು ನೋಯುತ್ತಾ?"

"ನನ್ನನ್ನ ನೋಡಿ ಕೇಳಿ," ಎಂದಳು ಅಕ್ಕ.

ಭಾವನ ಬೆರಳು ಕ್ಯಾನ್ವಾಸಿನ ಮೇಲೇ ಇತ್ತು. ಅವರ ಹೆಗಲು ಒಮ್ಮೆ ಮೇಲೇರಿ ಇಳಿಯಿತು. ಆಮೇಲೆ ಅವರು ತಿರುಗಿದರು.

ಗುಬ್ಬಿ ಬ್ರಷ್ಷುಗಳನ್ನೆಲ್ಲ ಬಾಚಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಒಳಗೆ ಭಾವ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ಅಕ್ಕ ಏನು ಹೇಳಿದಳೋ ಅವಳಿಗೆ ಕೇಳಿಸಲಿಲ್ಲ.